ಎರಡೂವರೆ ಕಮಾನಿನ ಅಂಗಡಿ

ದಾರದಮ್ಮನ ಅಂಗಡಿಗೆ ಎರಡೂವರೆ ಕಮಾನು. ಎರಡು ಕಮಾನಿನ ಅಂಗಡಿಯನ್ನು ನೀವು ನೋಡಿರುತ್ತೀರಿ, ಮೂರು ಕಮಾನಿನದನ್ನೂ ನೋಡಿರುತ್ತೀರಿ. ಈ ಅರ್ಧ ಯಾವ ಲೆಕ್ಕದ್ದು ಎಂದು ಹೊಸ ಗಿರಾಕಿ ಕೇಳಿದರೆ ಅವಳು ಬಲಗಡೆಗೆ ಮೂತಿ ತಿರುಗಿಸಿ, "ಉಳಿದರ್ಧ ಅವರ ಹತ್ರ ಇದೆ, ಹೋಗಿ ಅವರನ್ನೇ ಕೇಳಿ" ಎನ್ನುತ್ತಿದ್ದಳು. ಅವರು ಅಂದರೆ ಪಕ್ಕದ ಬಟ್ಟೆ ಅಂಗಡಿಯವರು. ಅವರಿಗೂ ಎರಡೂವರೆಯೇ. ಬೀದಿಯ ಆಚೆ ಬದಿಗೆ ನಿಂತು ನೋಡಿದರೆ ಐದು ಕಮಾನಿನ ಒಂದೇ ಕಟ್ಟಡ. ಕೆಂಪು ಇಟ್ಟಿಗೆ, ಕಮಾನಿನ ನೆತ್ತಿಗೊಂದು ಕಲ್ಲಿನ ಎಲೆ, ಮೇಲೆ ಈ ತುದಿಯಿಂದ ಆ ತುದಿಯವರೆಗೆ ಮರದ ಕಟಕಟೆ. ಹತ್ತಿರ ಬಂದಾಗ ಮಾತ್ರ ನಡುವಿನ ಕಮಾನಿನ ಹೊಟ್ಟೆಯೊಳಗಿಂದ ಒಂದು ಗೋಡೆ ಇಣುಕುವುದು ಕಾಣುತ್ತದೆ.

ಆ ಗೋಡೆಯ ಕಥೆಯನ್ನು ದಾರದಮ್ಮ ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆಯ ಬಾಯಿಂದ ಕೇಳಿದ್ದಳು. ಮೊದಲು ಇದ್ದದ್ದು ಒಂದೇ ಅಂಗಡಿಯಂತೆ. ಅಣ್ಣ ತಮ್ಮ ಕೂಡಿ ಕಟ್ಟಿಸಿದ್ದಂತೆ. ಆಮೇಲೆ ಮಾತಿಗೆ ಮಾತು ಬೆಳೆದು ಅಣ್ಣ ಬಟ್ಟೆ ವ್ಯಾಪಾರ ಹಿಡಿದನಂತೆ, ತಮ್ಮನ ಪಾಲಿಗೆ ದಾರ ಗುಂಡಿ ಬಂತಂತೆ. ಅಷ್ಟಕ್ಕೂ ತೃಪ್ತಿಯಾಗದೆ ಅಣ್ಣ ನಡುವೆ ಗೋಡೆ ಎಬ್ಬಿಸಿ, ಹಿಂಭಾಗದಲ್ಲಿ ಬೆಳಕಿಳಿಯಲೆಂದು ಹಾಕಿಸಿದ್ದ ಗಾಜಿನ ಮಾಡನ್ನು ತನ್ನ ಕಡೆಗೆ ಹಾಕಿಕೊಂಡನಂತೆ. "ಜಗಳ ಯಾಕೆ ಬಂತು?" ಎಂದು ಹೊಸ ಸೊಸೆ ಕೇಳಿದ್ದಕ್ಕೆ ಅತ್ತೆ, "ದಾಯಾದಿಗಳು ಜಗಳ ಆಡೋಕೆ ಕಾರಣ ಬೇರೆ ಬೇಕಾ?" ಎಂದು ಬಾಯಿ ಮುಚ್ಚಿಸಿದ್ದರು. ಕಾರಣ ಗೊತ್ತಿಲ್ಲದಿದ್ದರೂ ಜಗಳವನ್ನಂತೂ ಎರಡೂ ಮನೆಯವರು ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದರು. ಪಿತ್ರಾರ್ಜಿತ ಆಸ್ತಿಯಲ್ಲಿ ಇದೊಂದನ್ನು ಮಾತ್ರ ಯಾರೂ ಪಾಲು ಮಾಡಿಕೊಳ್ಳದೆ ಪೂರ್ತಿಯಾಗಿ ಅನುಭವಿಸಿದರು.

ಗಾಜಿನ ಮಾಡು ಆಚೆಗೆ ಹೋದದ್ದರಿಂದ ದಾರದ ಅಂಗಡಿ ಹಗಲಲ್ಲೂ ಮಬ್ಬು. ಮುಂದೆ ಕಮಾನುಗಳಿಂದ ಬರುವ ಬೆಳಕು ಮೇಲಿನ ಮರದ ಕಟಕಟೆಯ ನೆರಳಿನಲ್ಲಿ ಅರ್ಧ ಸತ್ತೇ ಒಳಗೆ ಬರುತ್ತದೆ. ದಾರದ ವ್ಯಾಪಾರಕ್ಕೆ ಬೆಳಕೇ ಬಂಡವಾಳ. ದರ್ಜಿ ತಂದ ಬಟ್ಟೆಯ ಚೂರಿಗೆ ಸರಿಯಾದ ದಾರ ಕೊಡಬೇಕು, ಹೊಲಿಗೆ ಬಟ್ಟೆಯೊಳಗೆ ಮಾಯವಾಗಬೇಕು. ಕಂದು ಎಂದರೆ ಒಂದೇ ಕಂದಲ್ಲ, ದಾರದಮ್ಮನ ಕಪಾಟಿನಲ್ಲಿ ಅದಕ್ಕೇ ಎರಡು ಸಾಲು. ದೀಪದ ಕೆಳಗೆ ಅವೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ, ಬಿಸಿಲಿಗೆ ತಂದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಹಾಗಾಗಿ ಆ ಅಂಗಡಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ನಾಲ್ಕಾರು ರೀಲು ಕೈಯಲ್ಲಿ ಹಿಡಿದು, ಮೆಟ್ಟಿಲಿಳಿದು, ಎದುರು ಬದಿಯ ಬಿಸಿಲಿಗೆ ಹೋಗಿ ಬಣ್ಣ ನೋಡಿ ಬರುವುದು. "ಬನ್ನಿ, ಬೀದಿಗೆ ಬನ್ನಿ" ಎಂದು ಅವಳು ಕರೆದಾಗ ಹೊಸಬರು ಜಗಳಕ್ಕೆ ಕರೆಯುತ್ತಿದ್ದಾಳೆಂದು ಬೆಚ್ಚುತ್ತಿದ್ದರು.

ಹೀಗೆ ಬೀದಿ ದಾಟಿ ದಾಟಿಯೇ ದಾರದಮ್ಮನ ಆಯಸ್ಸು ಸವೆದಿತ್ತು. ಗಂಡನಿಗೆ ಈ ಓಡಾಟ ಆಗುತ್ತಿರಲಿಲ್ಲ. ಆತ ಹಿಂಭಾಗದಲ್ಲಿ, ಅದೇ ನಡುಗೋಡೆಗೆ ಕುರ್ಚಿ ಹಾಕಿಕೊಂಡು, ತಲೆ ಆನಿಸಿ ಗಲ್ಲಾಪೆಟ್ಟಿಗೆ ಕಾಯುತ್ತಿದ್ದ ಮನುಷ್ಯ. ಮೃದು ಸ್ವಭಾವ. ಆದರೂ ಬಟ್ಟೆ ಅಂಗಡಿಯಲ್ಲಿದ್ದ ದಾಯಾದಿ ತಮ್ಮನ ಜೊತೆ ಮಾತ್ರ ಬದುಕಿಡೀ ಒಂದು ಮಾತು ಆಡಲಿಲ್ಲ. ಆಡಬಾರದೆಂಬ ಹಟವೇನೂ ಆತನಿಗಿರಲಿಲ್ಲ, ಹೇಗೆ ಶುರುಮಾಡುವುದೆಂದು ತಿಳಿದಿರಲಿಲ್ಲ, ಅಷ್ಟೆ. ಆತ ತೀರಿಕೊಂಡ ದಿನ ಬಟ್ಟೆ ಅಂಗಡಿಯ ಬಾಗಿಲೂ ಮುಚ್ಚಿತ್ತು. ಮೈದುನ ತನ್ನ ಮೆಟ್ಟಿಲ ಮೇಲೆ ನಿಂತಿದ್ದದ್ದನ್ನು ದಾರದಮ್ಮ ನೋಡಿದ್ದಳು. ಕೆಳಗಿಳಿದು ಬರಲಿಲ್ಲ. ಆ ಮೂರು ಮೆಟ್ಟಿಲನ್ನು ಅವಳು ಮರೆಯಲಿಲ್ಲ.

ಈಗ ಮೂರು ಮೆಟ್ಟಿಲು ಅವಳಿಗೂ ಕಷ್ಟವಾಗಿತ್ತು. ಮಂಡಿ ಎರಡೂ ಕೈಕೊಟ್ಟಿದ್ದವು. ಬೆಳಿಗ್ಗೆ ಮಗಳ ತೋಳು ಹಿಡಿದು ಹತ್ತಿದರೆ ಸಂಜೆ ಮಗಳು ಬಂದಮೇಲೆಯೇ ಇಳಿಯುವುದು. ಮಗಳು ಆಸ್ಪತ್ರೆಯಲ್ಲಿ ದಾದಿ, ಅವಳಿಗೆ ಮಂಡಿಯ ವಿಷಯ ಅಮ್ಮನಿಗಿಂತ ಚೆನ್ನಾಗಿ ಗೊತ್ತು. ಹಗಲಿನಂಥ ಬೆಳಕು ಕೊಡುತ್ತದೆಂದು ಒಂದು ಬಲ್ಬು ತಂದು ಹಾಕಿದಳು. ಅದರ ಕೆಳಗೆ ದಾರದಮ್ಮ ಕೋಟು ಹೊಲಿಯುವ ದರ್ಜಿಗೆ ಬೂದು ಎಂದು ಕೊಟ್ಟ ದಾರ ಹೊರಗೆ ಹೋಗಿ ಹಸಿರಾಯಿತು. ದರ್ಜಿ ಕೋಪ ಮಾಡಿಕೊಳ್ಳಲಿಲ್ಲ, "ಪರವಾಗಿಲ್ಲ ಬಿಡಿ ಅಮ್ಮ, ವಯಸ್ಸಾಯ್ತಲ್ಲ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ಮಳೆಗಾಲ ಶುರುವಾಗೋ ಹೊತ್ತಿಗೆ ಅಂಗಡಿ ಮುಚ್ಚಿಬಿಡೋಣಮ್ಮ" ಎಂದಳು ಮಗಳು. "ಮನೇಲಿ ಆರಾಮಾಗಿ ಇರು."

"ಮನೇಲಿ ಏನು ಮಾಡ್ಲಿ? ಗೋಡೆ ನೋಡ್ತಾ ಕೂರ್ಲಾ?"

"ಇಲ್ಲೂ ಅದನ್ನೇ ತಾನೆ ಮಾಡ್ತಿರೋದು."

ಆ ಮಾತು ದಾರದಮ್ಮನ ಒಳಗೆ ಹೋಗಿ ಕೂತಿತು. ಮರುದಿನ ದರ್ಜಿ ಅವಳ ಕೈಯಿಂದ ಐದಾರು ರೀಲು ಇಸಿದುಕೊಂಡು, "ಪಕ್ಕದಲ್ಲಿ ಗಾಜಿನ ಮಾಡಿನ ಕೆಳಗೆ ನೋಡ್ಕೊಂಡು ಬಂದುಬಿಡ್ತೀನಿ" ಎಂದು ಹೋದ. ಬಂದು ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸು ಕೊಟ್ಟ. ಸರಿಯಾದದ್ದನ್ನೇ ಆರಿಸಿದ್ದ. ತನ್ನ ಕಸುಬು ಪರರ ಸೂರಿನ ಕೆಳಗೆ ನಡೆಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಅತ್ತು ಮುಗಿಸಿ ಯೋಚಿಸಿದಳು: ಬೆಳಕು ಇರುವುದು ಗೋಡೆಯ ಆಚೆಗೆ, ತಾನು ಇರುವುದು ಈಚೆಗೆ. ಗೋಡೆಯಲ್ಲಿ ಒಂದು ಬಾಗಿಲಿದ್ದರೆ ಸಾಕು, ಅಂಗಡಿ ಉಳಿಯುತ್ತದೆ.

ಒಂದು ಬೆಳಿಗ್ಗೆ ಮಗಳನ್ನು ಕಟ್ಟಿಕೊಂಡು ಮೂರು ಮೆಟ್ಟಿಲಿಳಿದು, ಪಕ್ಕದ ಮೂರು ಮೆಟ್ಟಿಲು ಹತ್ತಿದಳು. ಮೈದುನ ಬಟ್ಟೆಯ ಥಾನು ಸುತ್ತುತ್ತಿದ್ದವನು ಹಾಗೇ ನಿಂತುಬಿಟ್ಟ. ಆತನಿಗೂ ತಲೆ ಪೂರ್ತಿ ನೆರೆತಿತ್ತು. ಇವಳು ದಾರಿಯುದ್ದಕ್ಕೂ ಆತ ಆಡಬಹುದಾದ ಕುಹಕದ ಮಾತಿಗೆಲ್ಲ ಉತ್ತರ ಜೋಡಿಸಿಕೊಂಡು ಬಂದಿದ್ದಳು.

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ" ಎಂದ ಆತ.

"ಗೋಡೇಲಿ ಒಂದು ಬಾಗಿಲು ಬೇಕಿತ್ತು."

"ಎಷ್ಟು ಅಗಲ?"

ಜೋಡಿಸಿಟ್ಟ ಉತ್ತರಗಳೆಲ್ಲ ಹಾಗೇ ಉಳಿದವು. ಇಷ್ಟು ಸುಲಭವಾಗಿ ಒಪ್ಪಿದರೆ ಇದರಲ್ಲಿ ಏನೋ ಮಸಲತ್ತು ಇರಬೇಕೆಂದು ದಾರದಮ್ಮ ಎರಡು ದಿನ ನಿದ್ದೆಗೆಟ್ಟಳು. ಮಸಲತ್ತೇನೂ ಇರಲಿಲ್ಲ. ದಾರಕ್ಕೆಂದು ತನ್ನ ಗಿರಾಕಿಗಳೂ ಇಳಿದು ಹತ್ತುವುದು ಆತನಿಗೂ ಸಾಕಾಗಿತ್ತು. ಬಾಗಿಲಿಗೆ ಅಡ್ಡ ಬಂದದ್ದು ದಾಯಾದಿಯಲ್ಲ, ಸರ್ಕಾರ.

ಕಟ್ಟಡದ ಮುಂಭಾಗದಲ್ಲಿ ಒಂದು ನೀಲಿ ಫಲಕವಿದೆ. ಇದು ರಕ್ಷಿತ ಕಟ್ಟಡ, ಪುರಾತತ್ವ ಇಲಾಖೆಯ ಅಪ್ಪಣೆ ಇಲ್ಲದೆ ಏನನ್ನೂ ಬದಲಾಯಿಸಬಾರದು ಎಂದು ಅದರ ಅರ್ಥ. ಅರ್ಜಿ ಹಾಕಿದಮೇಲೆ ಇಲಾಖೆಯಿಂದ ಒಬ್ಬ ಮೇಡಂ ಬಂದಳು. ವಯಸ್ಸು ಚಿಕ್ಕದು, ಬಿಸಿಲಿಗೆ ಟೋಪಿ, ಕೈಯಲ್ಲಿ ಅಳತೆ ಟೇಪು. ಕಟಕಟೆ, ತೊಲೆ, ಕಮಾನು ಎಲ್ಲವನ್ನೂ ಮೆಚ್ಚಿ ಸವರಿ ನೋಡಿದಳು. ಬಾಗಿಲಿನ ಮಾತು ಬಂದ ಕೂಡಲೇ ದನಿ ಬದಲಾಯಿತು.

"ಆಗೋದಿಲ್ಲ ಅಂತ ನಾನು ಹೇಳ್ತಿಲ್ಲ ಅಮ್ಮ. ಆಗುತ್ತೆ ಅಂತಲೂ ಹೇಳ್ತಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಕೊನೆಗೆ ಬಿಡಿಸಿ ಹೇಳಿದಳು. ಆಮೇಲೆ ಸೇರಿಸಿದ ಗೋಡೆಯಾದರೆ ತೆಗೆಯಬಹುದು. ಕಟ್ಟಡದ ಜೊತೆಗೇ ಕಟ್ಟಿದ ಗೋಡೆಯಾದರೆ ಒಂದು ಇಟ್ಟಿಗೆಯನ್ನೂ ಅಲ್ಲಾಡಿಸುವ ಹಾಗಿಲ್ಲ. ಫಲಕ ಹಾಕಿದ ಕಾಲದಲ್ಲಿ ಎರಡೂ ಅಂಗಡಿಯ ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿದ್ದರಂತೆ, ಇಬ್ಬರೂ ಗೋಡೆ ಮೊದಲಿನಿಂದ ಇದ್ದದ್ದೇ ಎಂದಿದ್ದರಂತೆ.

ದಾರದಮ್ಮ ಹಣೆ ಬಡಿದುಕೊಂಡಳು. ಮಾವನವರು ಯಾಕೆ ಹಾಗೆ ಹೇಳಿದ್ದರೆಂದು ಅವಳಿಗೆ ಗೊತ್ತಿತ್ತು. ಗೋಡೆ ಹೊಸದೆಂದರೆ ಅದನ್ನು ಕೆಡವುತ್ತಾರೆ, ಕೆಡವಿದರೆ ಆಚೆಯವರು ಒಳಗೆ ಕಾಲು ಚಾಚುತ್ತಾರೆ ಎಂಬ ಭಯ. ಆಚೆಯ ಮುದುಕರಿಗೂ ಅದೇ ಭಯ. ಎಣ್ಣೆ ಸೀಗೆಕಾಯಿಯಂತಿದ್ದ ಇಬ್ಬರು ಜನ್ಮದಲ್ಲಿ ಒಮ್ಮೆ ಒಂದೇ ಮಾತು ಆಡಿದ್ದರು, ಅದೂ ಸುಳ್ಳು.

"ಅದು ಸುಳ್ಳು ಮೇಡಂ. ಮುಂದಿನ ಕಮಾನು ನೋಡಿ, ಗೋಡೆ ಅದನ್ನ ಹೇಗೆ ಕಡಿದು ಹಾಕಿದೆ."

ಮೇಡಂ ಹೋಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಮೈದುನನೂ ಆಚೆಯಿಂದ ಬಂದು ಕತ್ತೆತ್ತಿ ನಿಂತ. ಮೇಡಂ ಬೆರಳಿಟ್ಟು ತೋರಿಸಿದಳು: ಗೋಡೆಯ ಇಟ್ಟಿಗೆ ಕಮಾನಿನೊಳಗೆ, ಕಮಾನಿನ ಇಟ್ಟಿಗೆ ಗೋಡೆಯೊಳಗೆ, ಎರಡು ಕೈಯ ಬೆರಳು ಹೆಣೆದ ಹಾಗೆ ಕೂತಿದ್ದವು. ಕಡಿದದ್ದಲ್ಲ. ಅರ್ಧ ಅರ್ಧವಾಗಿಯೇ ಕಟ್ಟಿ ಕೂಡಿಸಿದ್ದು.

"ಮೊದಲಿಂದ ಎರಡು ಅಂಗಡಿನೇ ಅಮ್ಮ ಇದು. ಬೀದಿಯಿಂದ ಒಂದೇ ಅಂತ ಕಾಣಲಿ ಅಂತ ಹೀಗೆ ಕಟ್ಟಿಸಿದ್ದಾರೆ."

ದಾರದಮ್ಮನಿಗೆ ತಲೆ ಬುಡ ತಿಳಿಯಲಿಲ್ಲ. ಹಾಗಾದರೆ ಒಂದೇ ಅಂಗಡಿ ಇರಲಿಲ್ಲವೇ? ಪಾಲಾಗಲಿಲ್ಲವೇ? ಮುದುಕರಿಬ್ಬರೂ ಸುಳ್ಳು ಹೇಳಲು ಹೋಗಿ ನಿಜ ಹೇಳಿಬಿಟ್ಟರೇ? ಮೈದುನ ಅರ್ಧ ಕಮಾನನ್ನೇ ನೋಡುತ್ತಿದ್ದ. "ನಮ್ಮ ಮನೇಲಿ ಹೇಳ್ತಿದ್ದದ್ದು, ಗೋಡೆ ಎಬ್ಬಿಸಿದ್ದು ನಿಮ್ಮ ಕಡೆಯವರು ಅಂತ" ಎಂದ.

"ನಮ್ಮಲ್ಲಿ ನಿಮ್ಮ ಕಡೆಯವರು ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಗಬೇಕೋ ಬೇಡವೋ ಇಬ್ಬರಿಗೂ ಗೊತ್ತಾಗಲಿಲ್ಲ. ಆದರೆ ಗೋಡೆ ಹಳೆಯದೆಂದು ಸಾಬೀತಾದರೆ ಬಾಗಿಲಿಲ್ಲ, ಬಾಗಿಲಿಲ್ಲದಿದ್ದರೆ ಅಂಗಡಿಯಿಲ್ಲ ಎಂಬುದಂತೂ ದಾರದಮ್ಮನಿಗೆ ಸ್ಪಷ್ಟವಿತ್ತು. ಮೇಡಂಗೆ ಅವಳ ಮುಖ ನೋಡಿ ಏನನ್ನಿಸಿತೋ, ಹಿಂಭಾಗದಲ್ಲಿ ಒಂದು ಕಡೆ ಗಾರೆ ಕೆರೆಸಿ ನೋಡೋಣ, ಆಮೇಲೆ ಬರೆಯುತ್ತೇನೆ ಎಂದಳು.

ಗಾರೆ ಮೇಸ್ತ್ರಿ ಬಂದ. ಗೋಡೆಯುದ್ದಕ್ಕೂ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ, ಹಿಂಭಾಗದಲ್ಲಿ ದಾರದಮ್ಮನ ಗಂಡನ ಕುರ್ಚಿಯ ಹತ್ತಿರ ನಿಂತ. ಕುರ್ಚಿಯ ಮೇಲೆ, ತಲೆ ಆನಿಸುವ ಎತ್ತರದಲ್ಲಿ, ಗೋಡೆಗೆ ಎಣ್ಣೆಯ ಕಲೆ. ಅಂಗೈಯಗಲದ, ಕಂದು ಬಣ್ಣದ ಕಲೆ. ಎಷ್ಟು ಸಲ ಸುಣ್ಣ ಬಳಿದರೂ ದಾರದಮ್ಮ ಅದೊಂದನ್ನು ಬಿಟ್ಟು ಬಳಿಯಲು ಹೇಳುತ್ತಿದ್ದಳು.

"ಇಲ್ಲಿ ಸದ್ದು ಬೇರೆ ಇದೆ" ಎಂದ ಮೇಸ್ತ್ರಿ.

"ಅಲ್ಲಿ ಬೇಡ."

"ಇಲ್ಲೇ ನೋಡಬೇಕಮ್ಮ."

ಮಗಳು ಬಂದು ಹೆಗಲ ಮೇಲೆ ಕೈಯಿಟ್ಟಳು. ದಾರದಮ್ಮ ಮುಖ ತಿರುಗಿಸಿಕೊಂಡು ಗುಂಡಿಗಳ ಡಬ್ಬಿಗಳನ್ನು ನೋಡುತ್ತಾ ನಿಂತಳು. ಉಳಿಯ ಸದ್ದು ಮಾತ್ರ ಕೇಳುತ್ತಿತ್ತು. ಸದ್ದು ನಿಂತಾಗ ತಿರುಗಿದಳು. ಗಾರೆಯ ಕೆಳಗೆ ಒಂದು ಮರದ ತೊಲೆ ಅಡ್ಡ ಮಲಗಿತ್ತು. ಅದರ ಕೆಳಗಿನ ಇಟ್ಟಿಗೆಗಳು ಬೇರೆ ಅಳತೆಯವು, ಒಂದೇ ಸಾಲಿನ ತೆಳು ಗೋಡೆ. ಬಾಗಿಲಿತ್ತು. ಮೊದಲಿನಿಂದಲೇ ಬಾಗಿಲಿತ್ತು, ಆಮೇಲೆ ಯಾರೋ ಮುಚ್ಚಿದ್ದರು.

ಮೇಡಂಗೆ ಹಿಗ್ಗೋ ಹಿಗ್ಗು. ಗೋಡೆ ಹಳೆಯದು, ಮುಟ್ಟುವ ಹಾಗಿಲ್ಲ. ಬಾಗಿಲೂ ಹಳೆಯದು, ಆದ್ದರಿಂದ ಅದನ್ನು ಮೊದಲಿದ್ದ ಹಾಗೆ ತೆರೆಯಲೇಬೇಕು. ಇಲಾಖೆಯ ನ್ಯಾಯ ಹೀಗೆ ಹಾವೂ ಸಾಯದೆ ಕೋಲೂ ಮುರಿಯದೆ ತೀರ್ಮಾನವಾಯಿತು.

ಅಪ್ಪಣೆ ಬಂದಮೇಲೆ ಇಟ್ಟಿಗೆ ಬಿಚ್ಚುವ ದಿನ ಮೈದುನ ತನ್ನ ಕಡೆಯ ಕುರ್ಚಿ ಸರಿಸಿ ನಿಂತಿದ್ದ. ಮೇಸ್ತ್ರಿ ಆ ಕಡೆಯೂ ಒಂದು ಮೂಲೆಯಲ್ಲಿ ಗಾರೆ ಕೆರೆದು, ಎರಡೂ ಕಡೆ ನೋಡಿದ. ಈಚೆ ಇಟ್ಟಿಗೆಗಳ ಸಂದು ನುಣ್ಣಗೆ ತೀಡಿತ್ತು, ಆಚೆ ಗಾರೆ ಉಕ್ಕಿ ಗಡ್ಡೆಗಡ್ಡೆಯಾಗಿ ನಿಂತಿತ್ತು.

"ಮುಚ್ಚಿದೋನು ಈ ಕಡೆ ನಿಂತಿದ್ದ" ಎಂದ. "ನಿಂತ ಕಡೆ ತೀಡೋಕಾಗುತ್ತೆ, ಆ ಕಡೆ ಕೈ ಹೋಗಲ್ಲ."

ಈ ಕಡೆ ಎಂದರೆ ದಾರದ ಅಂಗಡಿಯ ಕಡೆ. ಬೆಳಕನ್ನು ಕಿತ್ತುಕೊಂಡವರೆಂದು ಅವಳ ಮನೆಯವರು ತಲೆಮಾರುಗಳಿಂದ ಯಾರನ್ನು ಶಪಿಸಿದ್ದರೋ ಅವರು ಕೈ ಕೂಡ ಹಾಕಿರಲಿಲ್ಲ. ದಾರದಮ್ಮನಿಗೆ ನಾಚಿಕೆಯಾಯಿತು. ಮೈದುನ ಏನಾದರೂ ಅಂದಾನೆಂದು ಕಾದಳು. ಆತ ತನ್ನ ಕಡೆಯ ಗೋಡೆಯನ್ನು ಒಮ್ಮೆ ಕೈಯಿಂದ ಸವರಿದ. ಅಲ್ಲೂ ಅದೇ ಎತ್ತರದಲ್ಲಿ ಒಂದು ಎಣ್ಣೆಯ ಕಲೆಯಿತ್ತು. ಆತನೂ ಅಷ್ಟು ಕಾಲ ಅಲ್ಲೇ ಕುರ್ಚಿ ಹಾಕಿ ತಲೆ ಆನಿಸಿ ಕೂತವನು. ಅಣ್ಣ ತಮ್ಮ ಇಬ್ಬರೂ ಒಂದೇ ಇಟ್ಟಿಗೆಗೆ ಈಚೆಯಿಂದೊಬ್ಬ ಆಚೆಯಿಂದೊಬ್ಬ ಒರಗಿಕೊಂಡು ವಯಸ್ಸು ಕಳೆದಿದ್ದರು. ಆ ಇಟ್ಟಿಗೆಯನ್ನು ಮೇಸ್ತ್ರಿ ಕಿತ್ತಾಗ ದಾರದಮ್ಮ ಅದನ್ನು ಕೇಳಿ ಇಸಿದುಕೊಂಡು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಳು.

ಬಾಗಿಲು ತೆರೆದಮೇಲೆ ಅಂಗಡಿ ಗುರುತೇ ಸಿಗದಂತಾಯಿತು. ಗಾಜಿನ ಮಾಡಿನ ಬೆಳಕು ನೇರ ಅವಳ ಮೇಜಿನವರೆಗೆ ಬಂದು ಬೀಳುತ್ತಿತ್ತು. ಕೂತಲ್ಲೇ ಬೂದು ಬೂದಾಗಿ, ಹಸಿರು ಹಸಿರಾಗಿ ಕಾಣುತ್ತಿತ್ತು. ಕೋಟಿನ ದರ್ಜಿ ಬಂದು ಒಂದೇ ರೀಲು ಕೊಟ್ಟಳೆಂದು ಅನುಮಾನಪಟ್ಟು ಬೀದಿಗೆ ಹೋಗಿ ನೋಡಿ, ಬಾಯಿ ಮುಚ್ಚಿಕೊಂಡು ವಾಪಸು ಬಂದ. ಮಗಳು ಮಳೆಗಾಲದ ಮಾತೆತ್ತಲಿಲ್ಲ. ಮೈದುನ ಆಗಾಗ ಬಾಗಿಲಲ್ಲಿ ತಲೆ ಹಾಕಿ, "ಅತ್ತಿಗೆ, ಈ ಥಾನಿಗೆ ದಾರ ಇದೆಯಾ?" ಎಂದು ಕೇಳುತ್ತಿದ್ದ. ಅವಳು ಸಂಕೋಚದಿಂದ "ಇದೆ, ತಗೊಳ್ಳಿ" ಎನ್ನುತ್ತಿದ್ದಳು. ಮುಚ್ಚಿದವರು ನಾವು ಎಂಬುದು ಅವಳನ್ನು ಚುಚ್ಚುತ್ತಿತ್ತು. ಯಾಕೆ ಮುಚ್ಚಿದರು? ಆಚೆಯವರು ಅಂಥದ್ದೇನು ಮಾಡಿದ್ದರು? ಯೋಚಿಸಿದಷ್ಟೂ ಗೋಜಲಾಗುತ್ತಿತ್ತು, ದಾರದ ಸಿಕ್ಕಾದರೆ ಅವಳು ಬಿಡಿಸುತ್ತಿದ್ದಳು.

ಬೇಸಿಗೆ ಮುಗಿಯುತ್ತಾ ಬಂದ ಒಂದು ಮಧ್ಯಾಹ್ನ ಯಾರೋ ಕೆಂಪು ದಾರ ಕೇಳಿದರು. ಬಾಗಿಲಿನ ಎದುರಿನ ಕಪಾಟಿನಿಂದ ದಾರದಮ್ಮ ಒಂದು ರೀಲು ತೆಗೆದು ಬಟ್ಟೆಗೆ ಹಿಡಿದಳು. ಹೊಂದಲಿಲ್ಲ. ಸಾಲಿನ ಗುರುತು ನೋಡಿದಳು, ಅದೇ ಕೆಂಪು. ಮತ್ತೆ ಹಿಡಿದಳು, ಯಾವುದೋ ಮಾಸಲು ಗುಲಾಬಿ. ಇಷ್ಟು ಬೆಳಕಿನಲ್ಲೂ ಕಾಣುತ್ತಿಲ್ಲವೆಂದರೆ ಹೋದದ್ದು ಬೆಳಕಲ್ಲ, ಕಣ್ಣು. ಗಿರಾಕಿಯನ್ನು ನಾಳೆ ಬರಲು ಹೇಳಿ ಕಳಿಸಿ, ರೀಲನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲು ದಾಟಿದಳು.

"ಇದು ಯಾವ ಬಣ್ಣ, ನೋಡಿ ಹೇಳಿ" ಎಂದಳು.

ಮೈದುನ ರೀಲನ್ನು ಗಾಜಿನ ಮಾಡಿನ ಕೆಳಗೆ ಹಿಡಿದು ತಿರುಗಿಸಿದ. ಒಂದು ಮಗ್ಗುಲು ಗುಲಾಬಿ, ಇನ್ನೊಂದು ಮಗ್ಗುಲು ರಕ್ತಗೆಂಪು. "ಬಿಸಿಲು ತಿಂದಿದೆ ಅತ್ತಿಗೆ. ನಿಮ್ಮ ಕಣ್ಣು ಸರಿಯಾಗೇ ಇದೆ. ನಮ್ಮ ಥಾನಿನ ಮೇಲಿನ ಮಡಿಕೆನೂ ಹೀಗೇ ಹೋಗುತ್ತೆ. ನಾವು ಅಷ್ಟನ್ನ ಕತ್ತರಿಸಿ ಬಿಸಾಕ್ತೀವಿ, ದಾರಾನ ಹಾಗೆ ಮಾಡೋಕಾಗಲ್ಲ ನೋಡಿ."

ಮಧ್ಯಾಹ್ನದ ಬಿಸಿಲು ಗಾಜಿನಿಂದಿಳಿದು, ಬಾಗಿಲಲ್ಲಿ ತೂರಿ, ನೇರ ಅವಳ ಕೆಂಪು ದಾರದ ಸಾಲಿನ ಮೇಲೆ ಬಿದ್ದಿತ್ತು. ದಾರದಮ್ಮ ಅದನ್ನು ನೋಡಿದಳು, ರೀಲನ್ನು ನೋಡಿದಳು. ಕಣ್ಣು ಉಳಿಯಿತೆಂಬ ಸಮಾಧಾನ ಬರುವ ಮೊದಲೇ ಬೇರೊಂದು ವಿಷಯ ಹೊಳೆಯಿತು. ಅಲ್ಲೇ ಆತನ ಕುರ್ಚಿಯಲ್ಲಿ ಕುಸಿದು ಕೂತಳು.

"ಇದಕ್ಕೇ ಮುಚ್ಚಿರಬೇಕು."

"ಯಾವುದನ್ನ?"

"ಬಾಗಿಲನ್ನ. ದಾರ ಮಾಸುತ್ತೆ ಅಂತ ಮುಚ್ಚಿಸಿದ್ದಾರೆ, ಅಷ್ಟೇ. ಜಗಳಕ್ಕಲ್ಲ."

ಮೈದುನ ರೀಲನ್ನು ಮೇಜಿನ ಮೇಲಿಟ್ಟ. "ಹಾಗಾದ್ರೆ ಜಗಳ ಆಡಿದ್ದು ಯಾರು?"

ಅದು ಯಾರಿಗೆ ಗೊತ್ತು? ಆಡಿದವರು ಇದ್ದರೋ ಇಲ್ಲವೋ. ಮುಚ್ಚಿದ ಬಾಗಿಲಿಗೆ ಗಾರೆ ಬಳಿದರು, ಬಳಿದದ್ದು ಗೋಡೆಯಾಯಿತು, ಗೋಡೆ ಇದ್ದಮೇಲೆ ಜಗಳ ಇದ್ದಿರಲೇಬೇಕೆಂದು ಮೊಮ್ಮಕ್ಕಳು ತೀರ್ಮಾನಿಸಿದರು. ಹಾಗೂ ಇರಬಹುದು, ಇಲ್ಲದಿರಬಹುದು. ದಾರದಮ್ಮನಿಗೆ ನೆನಪಾದದ್ದು ಆ ಮೃದು ಮನುಷ್ಯ. ಒಂದು ಇಟ್ಟಿಗೆಯ ಈಚೆ ಕೂತು, ಆಚೆಯ ಕೆಮ್ಮು ಕೇಳುತ್ತಾ, ಹೇಗೆ ಶುರುಮಾಡುವುದೆಂದು ತಿಳಿಯದೆ ಹೋಗಿಯೇಬಿಟ್ಟ. ಕೆಂಪು ದಾರ ಮಾಸಬಾರದೆಂದು.

"ಅವತ್ತು ನಾನು ಬರಬೇಕು ಅಂತಲೇ ಮೆಟ್ಟಿಲ ಮೇಲೆ ನಿಂತಿದ್ದೆ" ಎಂದ ಮೈದುನ, ಯಾವ ದಿನವೆಂದು ಹೇಳದೆ. "ನೀವು ಕರೀತೀರೇನೋ ಅಂತ ನೋಡಿದೆ."

"ನಾನೂ ನೋಡ್ತಿದ್ದೆ. ನೀವು ಬರ್ತೀರೇನೋ ಅಂತ."

ದಾರದಮ್ಮ ಅತ್ತಳು, ಈ ಸಲ ಮುಖ ಮರೆಸಿಕೊಳ್ಳಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ಬಿಸಿಲಿನ ಕಡೆ ನೋಡಿದಳು. ಅದು ಆಗಲೇ ನೀಲಿಯ ಸಾಲಿಗೆ ಸರಿದಿತ್ತು. ದುಃಖ ಏನೇ ಇರಲಿ, ದಾರ ಹಾಳಾಗುತ್ತಿತ್ತು.

"ಒಂದು ಪರದೆ ಬೇಕು. ದಪ್ಪನೆಯದು. ಮಧ್ಯಾಹ್ನ ಎಳೆದು, ಇಳಿಹೊತ್ತಿಗೆ ತೆಗೆಯೋ ಹಾಗೆ."

ಮೈದುನ ಕಪಾಟಿನಿಂದ ಒಂದು ಥಾನು ಎಳೆದು ಮೇಜಿನ ಮೇಲೆ ಉರುಳಿಸಿದ. ಕಡು ಕಂದು. ಬಿಸಿಲು ತಿಂದ ಮೇಲಿನ ಮಡಿಕೆಯನ್ನು ಕತ್ತರಿಸಿ ತೆಗೆದು, ಬಾಗಿಲಿನ ಅಳತೆಗೆ ಹಿಡಿದ. ದಾರದಮ್ಮ ತನ್ನ ಕಡೆಗೆ ಹೋಗಿ ಆ ಎರಡು ಸಾಲು ಕಂದಿನಲ್ಲಿ ಒಂದು ರೀಲು ಆರಿಸಿ ತಂದಳು. ಬಟ್ಟೆಯ ಅಂಚಿಗೆ ದಾರ ಇಟ್ಟು ಕಣ್ಣು ಕಿರಿದುಮಾಡಿದಳು.

"ನೀನು ಸ್ವಲ್ಪ ಈಚೆ ಹಿಡಿಯಪ್ಪ" ಎಂದಳು. "ಬೆಳಕಿಗೆ ಅಡ್ಡ ನಿಂತಿದ್ದೀಯ."